ಏನ್ ಸಾ, ಬಿತ್ತಾ?

ಮೈಸೂರಿನಲ್ಲಿ ಪಿಂಚಣಿ ಶುರುವಾದ ಗಂಡಸರಲ್ಲಿ ಕೆಲವರು ಯೋಗಕ್ಕೆ ಸೇರುತ್ತಾರೆ, ಕೆಲವರು ಕುಕ್ಕರಹಳ್ಳಿ ಕೆರೆ ಸುತ್ತುತ್ತಾರೆ, ಮಿಕ್ಕವರು ಸೈಟಿನ ವ್ಯಾಜ್ಯಕ್ಕೆ ಬೀಳುತ್ತಾರೆ. ನಮ್ಮ ಬೀದಿಯ ಗೌಡರು ಗಾಳ ಹಿಡಿದರು. ಐರ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿ ಬಂದಾಗಿನಿಂದ ಹತ್ತಿದ ಗೀಳು ಇದು. 'ಅಲ್ಲಿ ಸಣ್ಣ ಸಣ್ಣ ಊರು, ಊರಿಗೊಂದು ಕೆರೆ. ಸಾಲ್ಮನ್ ಮೀನಿಗಾದ್ರೆ ಲೈಸೆನ್ಸ್ ಬೇಕು, ಪೈಕ್‌ಗೆ ಅದೂ ಬೇಡ. ಬೆಳಗಿಂದ ಸಾಯಂಕಾಲದವರೆಗೆ ಕೂತ್ಕೊಳ್ಳಿ, ಒಬ್ಬ ನರಪಿಳ್ಳೆ ಮಾತಾಡ್ಸಲ್ಲ ಮೇಷ್ಟ್ರೇ!' ಎಂದರು. ಒಬ್ಬರೂ ಮಾತಾಡಿಸದ ಊರು ನನಗೆ ಸ್ವರ್ಗ ಅನ್ನಿಸಲಿಲ್ಲ. ಆದರೂ ಅವರ ಸ್ಕೂಟರಿನ ಹಿಂದಿನ ಸೀಟು ಖಾಲಿ ಇತ್ತು, ನನ್ನ ಭಾನುವಾರಗಳೂ ಖಾಲಿ ಇದ್ದವು.

ಊರೊಳಗಿನ ಕೆರೆಗಳ ಮೀನು ಹೆಜ್ಜಾರ್ಲೆಗಳ ಪಾಲಿನದು. ಹಾಗಾಗಿ ನಾವು ಬನ್ನೂರು, ತಿರುಮಕೂಡಲು ನರಸೀಪುರ, ಪಾಂಡವಪುರ, ನಂಜನಗೂಡು ಎಂದು ಹೊರಗಡೆಯೇ ತಿರುಗಬೇಕು. ಗೌಡರಿಗೆ ಈ ಊರುಗಳೆಲ್ಲ ಕೆರೆಯ ದಾರಿಯಲ್ಲಿ ಅಡ್ಡ ಬರುವ ರೋಡ್ ಹಂಪು. ನನಗೆ ಊರೇ ಮುಖ್ಯ. ಮೀನು ತಿನ್ನದವನು ಮೀನು ಹಿಡಿಯುವವರ ಜೊತೆ ಹೋಗಬೇಕಾದರೆ ಒಂದು ದೋಸೆಯಾದರೂ ಬೇಡವೇ? ನರಸೀಪುರದಲ್ಲಿ ಕಾವೇರಿ-ಕಪಿಲೆಯರ ಸಂಗಮವಿದೆ, ದಂಡೆಯ ಮೇಲೆ ಗುಂಜಾ ನರಸಿಂಹಸ್ವಾಮಿ ಇದ್ದಾನೆ. ಅವನ ಕೈಯಲ್ಲೊಂದು ಗುಲಗಂಜಿ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದಕ್ಕೆ ಅದೇ ಸಾಕ್ಷಿಯಂತೆ. ಹೆಚ್ಚೂ ಅನ್ನಬೇಕು, ಕಾಶಿಗೆ ಬೇಜಾರೂ ಆಗಬಾರದು. ಇಷ್ಟು ಮರ್ಯಾದೆಯಾಗಿ ಜಂಬ ಕೊಚ್ಚಿಕೊಳ್ಳುವುದು ನಮ್ಮ ಸೀಮೆಯವರಿಗೇ ಸಾಧ್ಯ.

ಗೌಡರ ಐರ್ಲೆಂಡು ಮುರಿದುಬಿದ್ದದ್ದು ಕೆರೆ ಏರಿಯ ಮೇಲೆ. ಮಡಚುವ ಕುರ್ಚಿ ಬಿಚ್ಚಿ, ಮಗಳು ಕೊಡಿಸಿದ ಮಿರಮಿರ ಮಿಂಚುವ ರಾಡಿನ ರೀಲು ತಿರುಗಿಸಿ, ದಾರ ನೀರಿಗೆ ಎಸೆಯುವಷ್ಟರಲ್ಲಿ ಹಿಂದಿನಿಂದ ಕೂಗು: 'ಏನ್ ಸಾ, ಬಿತ್ತಾ?' ಕುರಿ ಕಾಯುವ ತಾತ. ಅವನ ಹಿಂದೆ ಬಟ್ಟೆ ಒಗೆಯಲು ಬಂದ ಇಬ್ಬರು ಹೆಂಗಸರು, ಸೈಕಲ್ಲಿನ ಹುಡುಗರು. ಆಮೇಲೆ ಕೆರೆಯ ಮೀನು ಗುತ್ತಿಗೆ ಹಿಡಿದವನ ಕಡೆಯವನು ಬಂದು, ನೂರು ರೂಪಾಯಿ ಜೇಬಿಗಿಳಿಸಿಕೊಂಡು, ಹೋಗುವ ಬದಲು ಅಲ್ಲೇ ಕುಕ್ಕರಗಾಲಲ್ಲಿ ಕೂತ. 'ಅಲ್ಲಾಕುದ್ರೆ ಬೀಳಾಕಿಲ್ಲ ಕಣ್ ಸಾ, ಆ ಕೋಡಿ ತಾವ ಹಾಕಿ' ಎಂದು ಒಬ್ಬ. 'ಕೋಡಿ ತಾವ ಏನೈತೆ, ತೂಬಿನ ತಾವ ಹಾಕಿ' ಎಂದು ಇನ್ನೊಬ್ಬ. ಕೋಡಿ ಪಕ್ಷಕ್ಕೂ ತೂಬು ಪಕ್ಷಕ್ಕೂ ಜಗಳ ಹತ್ತಿ, ಅದು ಹಿಂದಿನ ಪಂಚಾಯ್ತಿ ಚುನಾವಣೆವರೆಗೂ ಹೋಯಿತು. ಇಷ್ಟು ಗಲಾಟೆಯಲ್ಲಿ ಯಾವ ಮಾನವಂತ ಮೀನು ದಡಕ್ಕೆ ಬಂದೀತು?

ಈ ಗೀಳು ಪರದೇಶದಿಂದ ಬಂದದ್ದು ಎಂದು ಗೌಡರನ್ನು ಛೇಡಿಸುವಂತೆಯೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳ ಸಾಲಿಗೆ ಮತ್ಸ್ಯವಿನೋದವನ್ನೂ ಸೇರಿಸಿ, ಯಾವ ಮೀನಿಗೆ ಏನು ತಿನ್ನಿಸಬೇಕು ಎಂದೂ ಬರೆದಿಟ್ಟಿದ್ದಾನೆ. ಮಹಾರಾಜನಾದ್ದರಿಂದ 'ಬಿತ್ತಾ' ಎಂದು ಕೇಳುವ ಧೈರ್ಯ ಯಾರಿಗೂ ಇದ್ದಿರಲಾರದು.

ಮೈಸೂರಿನ ವ್ಯಾನ್ ಇಂಗೆನ್ ಮನೆತನದ್ದು ಇನ್ನೂ ದೊಡ್ಡ ಕತೆ. ಮಹಾರಾಜರೂ ದೊರೆಗಳೂ ಬೇಟೆಯಾಡಿದ ಹುಲಿ ಚಿರತೆಗಳ ಚರ್ಮಕ್ಕೆ ಮೈ ತುಂಬಿ, ಗಾಜಿನ ಕಣ್ಣಿಟ್ಟು, ಗರ್ಜಿಸುವ ಹಾಗೆ ನಿಲ್ಲಿಸುತ್ತಿದ್ದ ಕಾರ್ಖಾನೆ ಅವರದು. ಅಪ್ಪ ಯೂಜೀನ್ ತನ್ನ ಮಕ್ಕಳಿಗೆ ಬ್ರಿಟಿಷರ ವಿರುದ್ಧ ಕಾದಾಡಿದ ಬೋಯರ್ ನಾಯಕರ ಹೆಸರುಗಳನ್ನೇ ಇಟ್ಟ: ಬೋಥಾ, ಡಿ ವೆಟ್, ಜೌಬರ್ಟ್, ಕ್ರೂಗರ್. ಅವರಲ್ಲಿ ಡಿ ವೆಟ್ 1946ರಲ್ಲಿ ಕಬಿನಿಯಲ್ಲಿ ಗಾಳ ಹಾಕಿ 120 ಪೌಂಡಿನ ಮಾಶೀರ್ ಎಳೆದ. ಐವತ್ನಾಲ್ಕು ಕಿಲೋ! ಗಾಳಕ್ಕೆ ಬಿದ್ದ ಮಾಶೀರಿನ ದಾಖಲೆ ಎಂದು ಇವತ್ತಿಗೂ ಹೇಳುವುದು ಅದನ್ನೇ. ಗೌಡರಿಗೆ ಇದು ಬಾಯಿಪಾಠ. ಬಿಟ್ಟರೆ ಮೀನಿಗೊಂದು ಜಯಂತಿ ಮಾಡಿಸಿಯಾರು.

ಕಾವೇರಿಯ ಮಾಶೀರಿಗೆ ಹಾಕುತ್ತಿದ್ದ ಎರೆ ಏನೆಂದು ಗೊತ್ತಾದ ಮೇಲೆ ಆ ಮೀನಿನ ಮೇಲೆ ನನಗೂ ಅಭಿಮಾನ ಹುಟ್ಟಿತು: ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಭೀಮೇಶ್ವರಿಯ ಶಿಬಿರಕ್ಕೆ ಇಂಗ್ಲೆಂಡಿನಿಂದ ಬಂದ ದೊರೆಗಳು ಮುದ್ದೆಯನ್ನು ಗಾಳಕ್ಕೆ ಮೆತ್ತಿ, ಮೀನು ಹಿಡಿದು, ತೂಗಿ, ಫೋಟೊ ತೆಗೆಸಿಕೊಂಡು, ಮತ್ತೆ ನೀರಿಗೇ ಬಿಡುತ್ತಿದ್ದರು. ಈಗ ಅದೂ ನಿಂತಿದೆ. ಆ ಹೊಳೆ ಅಭಯಾರಣ್ಯದೊಳಗಿದೆ, ಅಲ್ಲಿ ಗಾಳ ಹಾಕುವಂತಿಲ್ಲ. ಬೆನ್ನುಬ್ಬಿನ ಆ ಮಾಶೀರನ್ನು 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೇ ಸೇರಿಸಿದ್ದಾರೆ. ಕಟ್ಟೆ, ಕೊಳಕು ನೀರು, ಸಿಡಿಮದ್ದು, ಹೊರಗಿಂದ ತಂದು ಬಿಟ್ಟ ಬೇರೆ ಜಾತಿಯ ಮಾಶೀರು, ಎಲ್ಲ ಸೇರಿ ಅದರ ಅನ್ನ ಕಿತ್ತುಕೊಂಡವು.

ನಮ್ಮ ಕೆರೆಗಳಲ್ಲಿ ಅಂಥ ಕುಲೀನರಿಲ್ಲ. ಕಾಟ್ಲಾ, ರೋಹು, ಜಿಲೇಬಿ ಅಷ್ಟೇ. ಗೌಡರು ಅವಕ್ಕೂ ಡಬ್ಬಿ ತೆಗೆದು ಮುದ್ದೆ ಮುರಿದರು. ಹಿಂದಿನಿಂದ ಒಬ್ಬ ಹೆಂಗಸು, 'ಮುದ್ದೆ ಸರಿ, ಸಾರು ಏನ್ ಮಾಡೀರಾ ಸಾ?' ಎಂದಳು. ಏರಿಗೇರಿಯೇ ನಕ್ಕಿತು. ಗೌಡರು ರಾಡನ್ನು ತಾತನ ಕೈಗಿತ್ತು, 'ಸ್ವಲ್ಪ ನೋಡ್ಕಳಪ್ಪ' ಎಂದು ನನ್ನನ್ನು ಊರಿನ ಹೋಟೆಲಿಗೆ ಕರೆದುಕೊಂಡು ಹೊರಟರು. ನಾವು ಎರಡೆರಡು ಬೆಣ್ಣೆ ದೋಸೆ, ಕಾಫಿ ಮುಗಿಸಿ ಬರುವ ಹೊತ್ತಿಗೆ ತಾತ ಆ ಐರಿಷ್ ರಾಡನ್ನು ಕುರಿ ಕಾಯುವ ಕೋಲಿನ ಹಾಗೆ ಕಂಕುಳಿಗೆ ಸಿಕ್ಕಿಸಿಕೊಂಡು ಬೀಡಿ ಸೇದುತ್ತಿದ್ದ. ಪಕ್ಕದ ಬಕೆಟ್ಟಿನಲ್ಲಿ ನಾಲ್ಕು ಜಿಲೇಬಿ ಪಟಪಟ ಅನ್ನುತ್ತಿದ್ದವು. ಎರೆಹುಳು ಚುಚ್ಚಿದ್ದನಂತೆ.

'ಎರಡು ನಿಮ್ಗೆ, ಎರಡು ಈ ಸಾಗೆ' ಎಂದು ನನ್ನ ಕಡೆ ಬಕೆಟ್ಟು ಸರಿಸಿದ. ನಾನು ತಿನ್ನುವವನಲ್ಲ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಮತ್ತೆ ಇಷ್ಟ್ ದೂರ ಯಾಕ್ ಬಂದ್ರಿ?' ಎಂದ.

'ದೋಸೆಗೆ ಕಣಪ್ಪ' ಎಂದರು ಗೌಡರು.