ಶಿವಮೊಗ್ಗೆಯ ಮೊಗೆಯಲ್ಲಿ ಬಾಡದ ಮೊಗ್ಗೆ: ಒಂದು ಮೀಮಾಂಸೆ

ಲೋಕದಲ್ಲಿ ಯಾವ ಶಾಸ್ತ್ರಗ್ರಂಥವೇ ಆಗಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲಲ್ಲಿಯೇ ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದ್ದರಿಂದ, ಅದನ್ನು ಮೀರುವ ಎದೆಗಾರಿಕೆ ಸಾಲದ ಈ ಪ್ರಬಂಧಕಾರನೂ ಅದರಂತೆಯೇ ನಡೆಯುತ್ತಾನೆ. ವಿಷಯವೆಂದರೆ ರುದ್ರಾಕ್ಷಿ ಹೂ. ಅಂದರೆ ತುಳಸಿಕಟ್ಟೆಯ ಮಗ್ಗುಲಲ್ಲಿಯೋ, ಬಚ್ಚಲ ನೀರು ಹರಿಯುವ ಕಾಲುವೆಯ ಅಂಚಿನಲ್ಲಿಯೋ ಎರಡು ಮೂರು ಗೇಣು ಬೆಳೆದು, ತುದಿತುದಿಗೂ ನೇರಳೆಗೆಂಪಿನ ಗುಂಡುಗಳನ್ನು ಧರಿಸಿ, ಯಾರು ನೋಡಿದರೂ ನೋಡದಿದ್ದರೂ ಒಂದೇ ಮುಖಭಾವದಿಂದ ನಿಲ್ಲುವ ಆ ಗಿಡ. ಪ್ರಯೋಜನವೆಂದರೆ ಅದನ್ನು ಬೆಳೆಸುವ ಬಗೆಯ ಜ್ಞಾನ. ಸಂಬಂಧವೆಂದರೆ ಆ ಗಿಡಕ್ಕೂ ನಮ್ಮ ಊರಿಗೂ ಇರುವ, ಇದುವರೆಗೆ ಯಾವ ಪಂಡಿತನ ಕಣ್ಣಿಗೂ ಬೀಳದ ನಂಟು. ಅಧಿಕಾರಿ ಯಾರೆಂದರೆ ಒಂದು ಕುಂಡವೂ, ಒಂದು ಹಿಡಿ ಗೊಬ್ಬರವೂ, ನೆರೆಮನೆಯಲ್ಲಿ ಬೀಜ ಬೇಡಲು ನಾಚದ ಮನಸ್ಸೂ ಉಳ್ಳವನು.

ಮೊದಲು ಊರಿನ ನಾಮವಿಚಾರ. ಶಿವನ ಮುಖವೇ ಶಿವಮೊಗವಾಯಿತೆಂದು ಒಂದು ಪಂಗಡದವರು ಸಾಧಿಸುತ್ತಾರೆ. ದೂರ್ವಾಸರ ಆಶ್ರಮದಲ್ಲಿ ಒಲೆಯ ಮೇಲಿದ್ದ ಗಿಡಮೂಲಿಕೆಗಳ ಮೊಗೆಯಿಂದ ದನಗಾಹಿಗಳು ರುಚಿ ನೋಡಿ ಸಿಹಿಯೆಂದದ್ದರಿಂದ ಸಿಹಿಮೊಗೆ ಎಂಬ ಹೆಸರು ಬಂದಿತೆಂದು ಇನ್ನೊಂದು ಪಂಗಡದವರು ಕಥೆ ಹೇಳುತ್ತಾರೆ. ಮೊಗವೆಂಬುವರೂ ಮೊಗೆಯೆಂಬುವರೂ ಹೀಗೆ ತರ್ಕಿಸುತ್ತಿರಲಾಗಿ, ಹಿರಿಯರು ಬಾಯ್ತುಂಬ ಉಚ್ಚರಿಸುತ್ತಿದ್ದ ‘ಶಿವಮೊಗ್ಗೆ’ ಎಂಬ ಪದದಲ್ಲಿ ಸ್ಪಷ್ಟವಾಗಿ ಕೇಳಿಬರುವ ಮೊಗ್ಗೆಯನ್ನು ಮಾತ್ರ ಯಾರೂ ಮೂಸಿಯೂ ನೋಡಲಿಲ್ಲವೆಂಬುದು ಪರಮ ವಿಷಾದದ ಸಂಗತಿ. ನಮ್ಮ ಸಿದ್ಧಾಂತವಾದರೋ ಸರ್ವಸಮನ್ವಯದ್ದು: ಶಿವನದಾದ ರುದ್ರಾಕ್ಷಿಯ ಹೆಸರುಳ್ಳ, ಎಂದೆಂದಿಗೂ ಮೊಗ್ಗೆಯಂತೆಯೇ ತೋರುವ ಹೂವನ್ನು ಮೊಗೆಯಲ್ಲಿ ಬೆಳೆಸಿ ಮೊಗವರಳಿಸಿಕೊಳ್ಳುವ ಊರೇ ಶಿವಮೊಗ್ಗೆ. 2014ರ ನವೆಂಬರ್ 1ರಂದು ಸರ್ಕಾರವು ಇಂಗ್ಲಿಷಿನ ‘ಷಿಮೋಗ’ವನ್ನು ಕೈಬಿಟ್ಟು, ಆ ಲಿಪಿಯಲ್ಲಿಯೂ ಗಕಾರಕ್ಕೆ ದ್ವಿತ್ವವನ್ನು ದಯಪಾಲಿಸಿದ್ದು ಮೊಗ್ಗೆಯ ಪಕ್ಷಕ್ಕೆ ಸಂದ ಜಯವೆಂದೇ ನಾವು ತಿಳಿಯುತ್ತೇವೆ.

ಇನ್ನು ಹೂವಿನ ನಾಮವಿಚಾರ. ತಮಿಳರು ಇದನ್ನು ವಾಡಾಮಲ್ಲಿ, ಅಂದರೆ ಬಾಡದ ಮಲ್ಲಿಗೆ ಎನ್ನುತ್ತಾರೆ. ಬಾಡದೆಂಬುದು ನಿಜ, ಮಲ್ಲಿಗೆಯೆಂಬುದು ಸುಳ್ಳು. ನಾವು ರುದ್ರಾಕ್ಷಿಯೆನ್ನುತ್ತೇವೆ, ಅದು ಪೂರ್ತಿ ಸುಳ್ಳು, ಆದರೆ ಭಕ್ತಿಪೂರ್ವಕವಾದ ಸುಳ್ಳು. ಸಂಸ್ಕೃತದ ಮಟ್ಟಿಗೆ ವಿಚಾರ ಗಹನವಾಗುತ್ತದೆ. ಅಮರಸಿಂಹನು ತನ್ನ ಕೋಶದಲ್ಲಿ ‘ಅಮ್ಲಾನ’ವೆಂಬ ಗಿಡವೊಂದನ್ನು ಹೇಳಿ, ಕೆಂಪಾದರೆ ಅದು ಕುರಬಕ, ಹಳದಿಯಾದರೆ ಕುರಂಟಕ ಎಂದು ವಿಂಗಡಿಸಿದ್ದಾನೆ. 1899ರಲ್ಲಿ ಹೊರಬಂದ ಮೋನಿಯರ್ ವಿಲಿಯಮ್ಸರ ನಿಘಂಟಾದರೋ ಅಮ್ಲಾನವೆಂದರೆ ನಮ್ಮ ಈ ಗುಂಡು ಹೂವೇ ಎಂದು ಅರ್ಥ ಕೊಡುತ್ತದೆ. ಗಿಡದ ತವರು ಅಮೆರಿಕ ಖಂಡದ ಉಷ್ಣಭಾಗ. ಕೊಲಂಬಸನು ಆ ಕಡೆಗೆ ಹಡಗು ತಿರುಗಿಸಿದ್ದು 1492ರಲ್ಲಿ. ಲಿನೀಯಸನು ಅದಕ್ಕೆ ‘ಗಾಂಫ್ರಿನಾ ಗ್ಲೋಬೋಸಾ’ ಎಂದು ನಾಮಕರಣ ಮಾಡಿದ್ದು 1753ರಲ್ಲಿ. ಹಾಗಾದರೆ ಅಮರಸಿಂಹನು ಕಡಲಾಚೆಯ ಗಿಡವನ್ನು ಕಂಡದ್ದು ಹೇಗೆ? ಆತನು ತ್ರಿಕಾಲಜ್ಞಾನಿಯಾಗಿದ್ದನೆಂದು ಒಪ್ಪುವುದು ನಮಗೆ ಸುಖಕರವಾಗಿದ್ದಿತು. ಆದರೆ ಕುರಂಟಕವೆಂದರೆ ಹಿತ್ತಿಲ ಬೇಲಿಯ ಗೊರಟೆಯೆಂಬುದು ಹೊಳೆದೊಡನೆ ಆ ಸುಖವೂ ಹೋಯಿತು. ಬಡಪಾಯಿ ಗೊರಟೆಯ ಬಿರುದನ್ನು ಪರದೇಶದ ಅತಿಥಿಗೆ ಹೊದಿಸಿ ಕಳುಹಿಸಿದ್ದಾರೆ, ಅಷ್ಟೆ.

ಕುಲವಿಚಾರಕ್ಕೆ ಬಂದರೆ ಪ್ರಬಂಧಕಾರನಿಗೇ ಮುಖಭಂಗ. ಇಷ್ಟೊಂದು ಗಾಂಭೀರ್ಯದಿಂದ ನಿಂತ ಈ ಪುಷ್ಪವು ದಂಟು, ಹರಿವೆ, ಕೋಳಿಜುಟ್ಟು, ಉತ್ತರಣೆಗಳ ದಾಯಾದಿಯೆಂದೂ, ಇದರ ಬಣ್ಣವು ಬೀಟ್‌ರೂಟಿನ ಬಣ್ಣದ ಜಾತಿಯದೇ ಎಂದೂ ಸಸ್ಯಶಾಸ್ತ್ರಜ್ಞರು ಸಾರುತ್ತಾರೆ. ಈ ವಂಶಾವಳಿಯನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಬಾರದೆಂದು ನಾವು ಅನುಭವದಿಂದ ಕಲಿತಿದ್ದೇವೆ. ಅದಕ್ಕಿಂತಲೂ ಆಶ್ಚರ್ಯವೆಂದರೆ ನಾವು ಹೂವೆಂದು ಕೊಯ್ಯುವುದು ಹೂವೇ ಅಲ್ಲ. ಕಾಗದದಂತೆ ಗರಗರನೆ ಒಣಗಿದ ಬಣ್ಣದ ಎಲೆಗಳು ಒಂದರ ಮೇಲೊಂದು ಒತ್ತಿಕೊಂಡು ಗುಂಡಾಗಿವೆ. ನಿಜವಾದ ಹೂಗಳು ಅವುಗಳ ಸಂದಿಯಲ್ಲಿ ಸಾಸಿವೆಗಿಂತ ಕಿರಿದಾಗಿ ಇಣುಕಿ ಮರೆಯಾಗುತ್ತವೆ. ಹುಟ್ಟುವಾಗಲೇ ಒಣಗಿರುವುದು ಬಾಡುವುದಾದರೂ ಎಲ್ಲಿಂದ? ಅಮರತ್ವದ ಗುಟ್ಟು ಇಷ್ಟೇ ಎಂದು ತಿಳಿದ ದಿನ, ಗರಿಗರಿ ಪಂಚೆಯಲ್ಲಿ ಸಭೆಗೆ ಬಂದು ಮೂರು ಗಂಟೆ ಮಾತನಾಡಿಯೂ ಬಾಡದ ವಿದ್ವಾಂಸರ ಗುಟ್ಟೂ ನಮಗೆ ತಿಳಿಯಿತು.

ಪಾತ್ರವಿಚಾರದಲ್ಲಿ, ಅಂದರೆ ಗಿಡವನ್ನು ಯಾವುದರಲ್ಲಿ ನೆಡಬೇಕೆಂಬ ವಿಷಯದಲ್ಲಿ, ಎರಡು ಪ್ರಬಲ ಸಂಪ್ರದಾಯಗಳಿವೆ. ತುಂಗೆಯ ದಡದ ಶಿವಮೊಗ್ಗೆಯವರದು ಮೃಣ್ಮಯ ಪಂಥ. ಸುಟ್ಟ ಮಣ್ಣಿನ ಕುಂಡವೇ ಪ್ರಮಾಣ. ಭದ್ರೆಯ ದಡದ ಭದ್ರಾವತಿಯವರದು ಲೋಹಮಯ ಪಂಥ. ಹಿಂದೆ ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದಂದಿನಿಂದ ತಗಡು, ಡಬ್ಬ, ಡ್ರಮ್ಮುಗಳಿಗೆ ಕೊರತೆಯಿಲ್ಲದ್ದರಿಂದ, ನ್ಯೂಟೌನಿನ ಕ್ವಾರ್ಟರ್ಸುಗಳ ಮುಂದೆ ಬಣ್ಣದ ಹಳೆಯ ಡಬ್ಬಗಳೇ ಕುಂಡಗಳು. ಮಣ್ಣಿನ ಕುಂಡ ಉಸಿರಾಡುತ್ತದೆಂದು ಇವರು, ತಗಡಿನದು ಬಿದ್ದರೂ ಒಡೆಯದೆಂದು ಅವರು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ನೆರಳಿನ ಪೇಪರ್ ಟೌನಿನವರು ಮಾತ್ರ, ಕಾಗದದ ಹೂವನ್ನು ಬೆಳೆಸುವ ಹಕ್ಕು ತಮಗೇ ಸೇರಿದ್ದೆಂದು ವಾದಿಸಬಹುದಾಗಿತ್ತು, ಸಜ್ಜನರಾದ್ದರಿಂದ ವಾದಿಸಲಿಲ್ಲ. ಎರಡು ನದಿಗಳೂ ಕೂಡಲಿಯಲ್ಲಿ ಜಗಳವಿಲ್ಲದೆ ಸೇರುವಂತೆ ಎರಡು ಪಂಥಗಳೂ ಒಂದು ಸೂತ್ರದಲ್ಲಿ ಸೇರುತ್ತವೆ: ತಳದಲ್ಲಿ ತೂತಿರಬೇಕು. ತೂತಿಲ್ಲದ ಪಾತ್ರೆಯಲ್ಲಿ ಬೇರು ಕೊಳೆಯುವುದು ಮಣ್ಣಿನ ದೋಷವೂ ಅಲ್ಲ, ತಗಡಿನ ದೋಷವೂ ಅಲ್ಲ.

ಬೀಜಾವಾಪ ಪ್ರಕರಣ ಸುಲಭ. ಹಿಂದಿನ ವರ್ಷದ ಒಣಗಿದ ಗುಂಡನ್ನು ಅಂಗೈಯಲ್ಲಿ ಉಜ್ಜಿದರೆ ಹತ್ತಿಯಂಥ ನಾರಿನಲ್ಲಿ ಸುತ್ತಿಕೊಂಡ ಬೀಜಗಳು ಸಿಕ್ಕುತ್ತವೆ. ಅವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸುವುದು ಶಾಸ್ತ್ರ. ಮನೆಯ ಕಾಫಿ ಲೋಟದಲ್ಲಿ ನೆನೆಸುವುದು ಪ್ರಬಂಧಕಾರನ ಪ್ರಯೋಗ. ಅದನ್ನು ಕಂಡು ಮನೆಯಾಕೆ, “ಏನ್ರೀ, ಕಸ ಅಂತ ಅದನ್ನ ಬಚ್ಚಲಿಗೆ ಚೆಲ್ಲಿಬಿಟ್ಟೆ” ಎಂದದ್ದು ವಿಧಿ. ಎರಡನೆಯ ಸಲ ನೆನೆಸಿದ್ದನ್ನು ಜಂಬಿಟ್ಟಿಗೆಯ ಕೆಂಪುಮಣ್ಣು, ಮರಳು, ಕಳಿತ ಸಗಣಿಗೊಬ್ಬರ ಬೆರೆಸಿದ ಹದದಲ್ಲಿ ತೆಳ್ಳಗೆ ಮುಚ್ಚಿದರೆ, ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಸಸಿಗಳ ನಡುವೆ ಒಂದು ಗೇಣಿಗಿಂತ ತುಸು ಹೆಚ್ಚು ಅಂತರ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು. ಗೇಣುದ್ದವಾಗುವ ಮೊದಲೇ ತುದಿ ಚಿವುಟಿದರೆ ಕವಲೊಡೆದು ಪೊದೆಯಾಗುತ್ತದೆ. ತುದಿ ಚಿವುಟಿಸಿಕೊಂಡೂ ಹೆಚ್ಚು ಹೂ ಬಿಡುವ ಈ ಗುಣವು ಲೇಖಕವರ್ಗದಲ್ಲಿ ದುರ್ಲಭವೆಂದು ಸಂಪಾದಕರು ಹೇಳುತ್ತಾರಂತೆ.

ಜಲವಿಚಾರವೇ ಈ ಗ್ರಂಥದ ಮರ್ಮಸ್ಥಾನ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದನ್ನು ಕೇಳಿ ಬೆಳೆದ ನಮ್ಮ ಜಿಲ್ಲೆಯವರಿಗೆ ನೀರೆಂದರೆ ಔದಾರ್ಯ. ಈ ಗಿಡಕ್ಕಾದರೋ ನೀರಡಿಕೆಯನ್ನು ಸಹಿಸುವ ಶಕ್ತಿಯುಂಟು, ಔದಾರ್ಯವನ್ನು ಸಹಿಸುವ ಶಕ್ತಿಯಿಲ್ಲ. ಪ್ರಬಂಧಕಾರನು ಆರು ಕುಂಡಗಳಲ್ಲಿ ಆರು ಸಸಿಗಳನ್ನು ನೆಟ್ಟು, ಬೆಳಿಗ್ಗೆ ಸಂಜೆ ತಂಬಿಗೆ ಹಿಡಿದು, ಕಣ್ವಾಶ್ರಮದ ಕನ್ಯೆಯರೂ ನಾಚುವಂತೆ ಸೇಚನ ಮಾಡಿದ ಫಲವಾಗಿ, ಆಷಾಢ ಮುಗಿಯುವ ಹೊತ್ತಿಗೆ ಐದು ಗಿಡಗಳು ಬುಡ ಕೊಳೆತು ಸ್ವರ್ಗಸ್ಥವಾದವು. ಆರನೆಯದು, ಕುಂಡ ಸೋರಿ ಒಣಗಿದ್ದರಿಂದ ಬದುಕಿತು. ಬಚ್ಚಲಿಗೆ ಚೆಲ್ಲಿದ ಬೀಜಗಳಾದರೋ ಬಟ್ಟೆ ಒಗೆಯುವ ಕಲ್ಲಿನ ಬಿರುಕಿನಲ್ಲಿ ಬೇರೂರಿ, ಗಣೇಶನ ಹಬ್ಬಕ್ಕೆ ಹಿಡಿಹಿಡಿಯಾಗಿ ಹೂ ಕೊಟ್ಟವು. ಬೆರಳಿಟ್ಟರೆ ಮಣ್ಣಿನ ಮೇಲ್ಪದರ ಒಣಗಿರಬೇಕು, ಆಗಲೇ ನೀರು ಎಂಬ ಸೂತ್ರವನ್ನು ನಾವು ಇಲ್ಲಿಂದ ಪಡೆದೆವು. ಐದು ಪ್ರಾಣಗಳ ಬೆಲೆ ತೆತ್ತ ಸೂತ್ರವಾದ್ದರಿಂದ ಓದುಗರು ಹಗುರಾಗಿ ಕಾಣಬಾರದು.

ಕಡೆಯದು ನಿರ್ಮಾಲ್ಯವಿಚಾರ. ಈ ಹೂವನ್ನು ಮಾರುವವರು ಏಕಿಲ್ಲವೆಂದು ಗಾಂಧಿ ಬಜಾರಿನಲ್ಲಿ ಸೇವಂತಿಗೆಯನ್ನು ಮಾರು ಹಾಕುತ್ತಿದ್ದ ಹೆಂಗಸನ್ನು ಕೇಳಿದಾಗ, “ಬಾಡದ ಹೂ ಮಾರಿದ್ರೆ ನಾಳೆ ನೀವು ಯಾಕ್ ಬರ್ತೀರಾ ಸ್ವಾಮಿ?” ಎಂದು ಅರ್ಥಶಾಸ್ತ್ರವನ್ನೇ ಮುಗಿಸಿಬಿಟ್ಟಳು. ಧರ್ಮಶಾಸ್ತ್ರ ಅಷ್ಟು ಬೇಗ ಮುಗಿಯುವುದಿಲ್ಲ. ನೇಪಾಳದಲ್ಲಿ ಅಕ್ಕತಂಗಿಯರು ದೀಪಾವಳಿಯ ದಿನಗಳಲ್ಲಿ ಸೋದರರ ಕೊರಳಿಗೆ ಇದರದೇ ಮಾಲೆ ಹಾಕುವುದು, ಅದು ಬಾಡದಂತೆ ಆಯುಸ್ಸೂ ಬಾಡದಿರಲೆಂದು. ಹಾಗಾದರೆ ದೇವರ ವಿಷಯ ಹೇಗೆ? ಬಾಡಿದ್ದನ್ನು ನಿರ್ಮಾಲ್ಯವೆಂದು ತೆಗೆಯುತ್ತೇವೆ, ಇದು ಬಾಡುವುದಿಲ್ಲ, ಆದ್ದರಿಂದ ಇದು ನಿರ್ಮಾಲ್ಯವಾಗುವುದಿಲ್ಲ, ಆದ್ದರಿಂದ ಪೂರ್ತಿ ಅರಳಿದಾಗ ಕೊಯ್ದು, ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ ಒಣಗಿಸಿದ ಒಂದೇ ಮಾಲೆಯಿಂದ ವರ್ಷವಿಡೀ ಪೂಜೆ ಸಲ್ಲುತ್ತದೆ. ಎಲ್ಲಿಯೂ ಬಿರುಕಿಲ್ಲದ ಈ ಅನುಮಾನವನ್ನು ನಾವು ತಾಯಿಯವರ ಸನ್ನಿಧಿಯಲ್ಲಿ ಮಂಡಿಸಲಾಗಿ, ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸದೆ, “ಹೂ ಬಾಡಲ್ಲ ಅಂತ ನೀನು ಬೆಳಿಗ್ಗೆ ಏಳೋದು ಬಿಡ್ತೀಯೇನೋ ಮಾರಾಯ?” ಎಂದರು. ಈ ಪೂರ್ವಪಕ್ಷಕ್ಕೆ ಸಮಾಧಾನವು ಇನ್ನೂ ದೊರೆತಿಲ್ಲ. ದೊರೆಯುವವರೆಗೆ ಪ್ರಬಂಧಕಾರನು ದಿನವೂ ಬೆಳಿಗ್ಗೆ ಎದ್ದು, ಒಗೆಯುವ ಕಲ್ಲಿನ ಬಳಿ ಹೋಗಿ, ಆ ದಿನದ ಐದು ಹೂ ಬಿಡಿಸಿ ತರುತ್ತಿದ್ದಾನೆ.

ಫಲಶ್ರುತಿ: ಈ ಪ್ರಬಂಧವನ್ನು ಯಾವನು ತ್ರಿಕಾಲಗಳಲ್ಲಿಯೂ ತನ್ನ ಕುಂಡಗಳ ಮುಂದೆ ಕುಳಿತು, ದೀರ್ಘವಾಕ್ಯಗಳನ್ನು ಎಲ್ಲಿಯೂ ತುಂಡರಿಸದೆ, ಸಾವಧಾನಚಿತ್ತನಾಗಿ ಪಠಿಸುವನೋ, ಅವನ ಗಿಡಗಳು ಸಮೃದ್ಧವಾಗಿ ಹೂ ಬಿಡುವುದರಲ್ಲಿ ಸಂದೇಹವಿಲ್ಲ, ಏಕೆಂದರೆ ಎರಡು ಕೈಗಳಲ್ಲಿಯೂ ಗ್ರಂಥವನ್ನು ಹಿಡಿದಿರುವಷ್ಟು ಹೊತ್ತು ಅವನು ಅವುಗಳಿಗೆ ನೀರು ಹಾಕಲಾರನು.