‘ಎಲ್ಲ ನೆಲಕ್ಕೂ ಸೈ’ ಎಂದು ಬರೆಸಿದ ಮಹನೀಯರಿಗೆ

ರಿಮೋಟಿನಿಂದ ಓಡಿಸುವ ಪುಟ್ಟ ಕಾರು, ಅಂದರೆ ರಿಮೋಟ್ ಬಗ್ಗಿಯ ಪೆಟ್ಟಿಗೆ ಮೇಲೆ ‘ಆಲ್ ಟೆರೇನ್’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ ಮಹನೀಯರಿಗೆ ನವಲಗುಂದ ತಾಲೂಕಿನಿಂದ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಅತ್ತ ತಮ್ಮ ಅಂಗಳದ ಸಿಮೆಂಟೂ ಕ್ಷೇಮವಾಗಿದೆ ಎಂದು ನಂಬಿದ್ದೇನೆ.

ತಮ್ಮ ಧೈರ್ಯ ದೊಡ್ಡದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು 1986ರಿಂದ ಈ ಮಣ್ಣಿಗೆ ಈ ಬೀಜ, ಆ ಮಣ್ಣಿಗೆ ಆ ಬೀಜ ಎಂದು ತಲೆ ಕೆಡಿಸಿಕೊಂಡು ಕೂತಿದ್ದಾರೆ. ತಾವು ಎರಡೇ ಪದದಲ್ಲಿ ಭೂಮಂಡಲದ ಮಣ್ಣನ್ನೆಲ್ಲ ಇತ್ಯರ್ಥ ಮಾಡಿಬಿಟ್ಟಿರಿ.

ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಏಪ್ರಿಲ್‌ನಲ್ಲಿ ಹೊಲದ ಬಿರುಕಿಗೆ ಮುಂಗೈ ಇಳಿಸಬಹುದು. ತಮ್ಮ ಬಗ್ಗಿಯ ಗಾಲಿ ಒಂದು ಗೇಣೂ ಇಲ್ಲ, ಅದನ್ನು ಆ ಬಿರುಕು ಹೇಳದೆ ಕೇಳದೆ ನುಂಗುತ್ತದೆ. ಮೃಗಶಿರಾ ಮಳೆ ಬಿದ್ದ ಮೇಲಿನ ಕಥೆ ಬೇರೆ. ಹತ್ತು ಮಾರು ಓಡುವಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಒಂದು ಜೋಡಿ ಎತ್ತು ಮಾಡುವಷ್ಟು ಮಣ್ಣು ನಾಲ್ಕು ಗಾಲಿಗೆ ಮೆತ್ತಿರುತ್ತದೆ. ಟೈರಿನೊಳಗೆ ಗಾಳಿಯ ಬದಲು ಸ್ಪಂಜು ಇಟ್ಟಿದ್ದೀರಿ, ಪಂಕ್ಚರಿನ ಭಯವಿಲ್ಲ, ಸಂತೋಷ. ಆದರೆ ಗಾಳಿ ಆಡಲೆಂದು ಬಿಟ್ಟ ತೂತಿನಿಂದ ನೀರು ಒಳಹೊಕ್ಕು ಆ ಸ್ಪಂಜು ಕುಡಿದು ಕೂರುತ್ತದೆ. ಹತ್ತಿ ಬಿಡಿಸಿದ ಹೊಲದಲ್ಲಿ ಬಿಟ್ಟರೆ ಅರಳೆಯ ಎಳೆ ಆ್ಯಕ್ಸಲ್‌ಗೆ ಸುತ್ತಿಕೊಂಡು ಬೇರಿಂಗಿಗೇ ಹೊಸ ಅಂಗಿ ಹೊಲಿಯುತ್ತದೆ. ಇದ್ಯಾವುದೂ ತಮ್ಮ ‘ಎಲ್ಲ ನೆಲ’ದ ಪಟ್ಟಿಯಲ್ಲಿ ಇರಲಿಕ್ಕಿಲ್ಲ.

ತಮ್ಮದೂ ತಪ್ಪಿಲ್ಲ ಬಿಡಿ. ಬಗ್ಗಿಯ ವಂಶವೇ ಮರಳಿನದು. 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಫೋಕ್ಸ್‌ವ್ಯಾಗನ್ ಬೀಟಲ್‌ನ ಭಾಗಗಳ ಮೇಲೆ ಫೈಬರ್ ಮೈ ಕೂರಿಸಿ ‘ಮೇಯರ್ಸ್ ಮ್ಯಾಂಕ್ಸ್’ ಮಾಡಿದ್ದು ಕಡಲ ದಂಡೆಯ ಮರಳುದಿಬ್ಬ ಏರಲು. ಜಪಾನಿನ ಶಿಜುಓಕಾದ ತಮಿಯಾ ಕಂಪನಿ 1979ರಲ್ಲಿ ತಂದ ರಿಮೋಟ್ ಬಗ್ಗಿಯ ಹೆಸರೇ ‘ಸ್ಯಾಂಡ್ ಸ್ಕಾರ್ಚರ್’. ಮರಳಿನಲ್ಲಿ ಹುಟ್ಟಿದ್ದಕ್ಕೆ ನಮ್ಮ ಬೆಣ್ಣಿಹಳ್ಳದ ದಂಡೆಯ ಕೆಸರು ಹೇಗೆ ಗೊತ್ತಾಗಬೇಕು? ಕಲಘಟಗಿ ಕಡೆ ಕೆಮ್ಮಣ್ಣು ಬೆರೆತ ನೆಲದಲ್ಲಿ ಇದೇ ಬಗ್ಗಿ ನಗುನಗುತ್ತ ಓಡುತ್ತದೆ. ‘ಎಲ್ಲ ನೆಲ’ ಎಂಬುದನ್ನು ಅಳಿಸಿ ‘ಕಲಘಟಗಿ ತಾಲೂಕು, ಮಳೆಗಾಲ ಬಿಟ್ಟು’ ಎಂದು ಹಾಕಿಸಿದರೆ ನಾನೇ ಮುಂದೆ ನಿಂತು ಸಾಕ್ಷಿ ಹೇಳುತ್ತೇನೆ.

ಇನ್ನು ತಮ್ಮ ವೇಗ. ಗಂಟೆಗೆ 60 ಕಿಲೋಮೀಟರ್! ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ರಿಮೋಟಿನ ಅಳವು 100 ಮೀಟರ್ ಎಂದೂ ತಾವೇ ಬರೆದಿದ್ದೀರಿ. ಆರು ಸೆಕೆಂಡಿನಲ್ಲಿ ನನ್ನ ಬಗ್ಗಿ ನನ್ನ ಮಾತು ಕೇಳುವುದನ್ನು ಬಿಟ್ಟು ಪಕ್ಕದವರ ಕಡಲೆ ಹೊಲದಲ್ಲಿರುತ್ತದೆ. ಹುಡುಕಲು ಹೋದವನಿಗೆ ಬೈಗುಳ ಉಚಿತ. ಬ್ಯಾಟರಿಯ ಲೆಕ್ಕವನ್ನು ಮಾತ್ರ ತಮ್ಮ ಪೆಟ್ಟಿಗೆಯ ಮೇಲೆ ಬಿಡಿಸಿ ಹೇಳಿಲ್ಲ. 1500 ಎಂಎಎಚ್ ಬ್ಯಾಟರಿಯಿಂದ ಮೋಟರು ಸರಾಸರಿ 6 ಆಂಪಿಯರ್ ಎಳೆದರೆ 15 ನಿಮಿಷದ ಆಟ. ಹೆಂಟೆ, ಕೆಸರು ಎಂದು 12 ಎಳೆಯಿತೋ, ಏಳೂವರೆಗೆ ಮಂಗಳ.

ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಎಷ್ಟು ಜೋರು ಓಡುತ್ತದೆ ಎಂದು ಕೇಳುವುದಿಲ್ಲ. ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ಸುಳಿ ನೋಡುತ್ತಾರೆ. ಹತ್ತರಿಂದ ಇಪ್ಪತ್ತು ಸಾವಿರದ ಬಗ್ಗಿಗೂ ನಾನು ಹೇಳುವುದು ಅದನ್ನೇ. ಗೇರುಗಳು ಬಯಲಿಗಿವೆಯೋ, ಮುಚ್ಚಿದ ಪೆಟ್ಟಿಗೆಯೊಳಗಿವೆಯೋ? ತಮಿಯಾದವರು 1984ರ ‘ಗ್ರಾಸ್‌ಹಾಪರ್’ನಲ್ಲೇ ಅವನ್ನು ಮುಚ್ಚಿದ್ದರು. ಗಾಲಿಗೆ ಬಾಲ್ ಬೇರಿಂಗೋ, ಬರೀ ಪ್ಲಾಸ್ಟಿಕ್ ಬುಷ್ಷೋ? ಎರೆ ದೂಳು ಬುಷ್ಷನ್ನು ಅರೆದು ತಿನ್ನುತ್ತದೆ. ಸ್ಟೇರಿಂಗ್ ತಿರುಗಿಸುವ ಸರ್ವೋದ ಹಲ್ಲು ಲೋಹದ್ದೋ? ಶಾಕ್‌ನಲ್ಲಿ ಎಣ್ಣೆ ಇದೆಯೋ, ಬರೀ ಸ್ಪ್ರಿಂಗ್ ಕುಣಿತವೋ? ಬ್ರಶ್‌ಲೆಸ್ ಮೋಟರಿನ ಮೋಹ ಮೊದಲ ಬಗ್ಗಿಗೆ ಬೇಡ. ಬ್ರಶ್ ಮೋಟರು ಸುಟ್ಟರೆ ಅಗ್ಗಕ್ಕೆ ಬದಲಾಗುತ್ತದೆ. ಅಳತೆ ನಿಜವಾದ ಗಾಡಿಯ ಹತ್ತಕ್ಕೊಂದರದ್ದೇ ಇರಲಿ, ಹದಿನಾಲ್ಕಕ್ಕೊಂದರದ್ದು ಜೋಳದ ಕೂಳೆಗೇ ಎಡವುತ್ತದೆ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯಾದರೆ ಒಂದೊಂದು ಸೆಲ್ಲೂ 3 ವೋಲ್ಟಿನ ಕೆಳಗಿಳಿಯದಂತೆ ತಡೆಯುವ ವ್ಯವಸ್ಥೆ ಬೇಕು, ಮತ್ತು ಅದನ್ನು ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನಲ್ಲಿ ಬಿಟ್ಟು ಊಟಕ್ಕೆ ಹೋಗಬಾರದು. ಬರೀ ಹೊಲದಲ್ಲೇ ಓಡಿಸುವವರಾದರೆ ಬಗ್ಗಿಯ ಆಸೆ ಬಿಟ್ಟು ದೊಡ್ಡ ಗಾಲಿಯ ಟ್ರಕ್ಕನ್ನೇ ತರುವುದು ಮೇಲು. ಇದನ್ನು ಹೇಳಿದರೆ ತಮಗೆ ಬೇಸರ, ಗೊತ್ತು.

ನಮ್ಮ ಓಣಿಯ ಹಿರಿಯರೊಬ್ಬರು ಕಟ್ಟೆ ಮೇಲೆ ಕೂತು ಎಲ್ಲ ನೋಡಿ ಕೇಳಿದರು: “ತಮ್ಮಾ, ಇದು ದಿನಕ್ಕ ಎಷ್ಟ ಎಕರೆ ಹರಗತೈತಿ?” ಬೆಲೆ ಹೇಳಿದೆ. “ಆ ರೊಕ್ಕದಾಗ ಒಂದ ಚಲೋ ಟಗರ ಬರ್ತಿತ್ತಲ್ಲೋ” ಎಂದರು. ಟಗರಿಗೆ ಚಾರ್ಜರೂ ಬೇಡ ಎಂದು ಸೇರಿಸಿದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಬೆಲೆಗೆ ತಾವೊಬ್ಬರೇ ಕಾರಣರಲ್ಲ ಎಂಬುದೂ ಗೊತ್ತು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಅಂದಿನಿಂದ ಪೆಟ್ಟಿಗೆಗಳ ಮೇಲೆ ‘14+’ ಕಂಡರೆ ನನಗೆ ಗೌರವ ಉಕ್ಕುತ್ತದೆ. ಕಾನೂನಿನ ಪ್ರಕಾರ ನಾನೀಗ ಆಡುತ್ತಿಲ್ಲ, ಹವ್ಯಾಸದಲ್ಲಿ ತೊಡಗಿದ್ದೇನೆ. ಮನೆಯವರಿಗೆ ಇದನ್ನು ಒಪ್ಪಿಸಲು ತಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಸರ್ಟಿಫಿಕೇಟು ಕಳಿಸಿದರೆ ಉಪಕಾರ.

ಕಡೆಗೊಂದು ವಿಷಯ. ವೈರು ಕಿತ್ತರೆ ನಮ್ಮೂರ ಮೊಬೈಲ್ ರಿಪೇರಿ ಹುಡುಗ ಎರಡು ನಿಮಿಷದಲ್ಲಿ ಬೆಸುಗೆ ಹಾಕಿ ಕೊಡುತ್ತಾನೆ. ಲೋಹದ್ದೇನಾದರೂ ಮುರಿದರೆ ಲೇಥಿನವರಿದ್ದಾರೆ. ಮುಂದಿನ ಗಾಲಿಯ ಪ್ಲಾಸ್ಟಿಕ್ ತೋಳು ಮಾತ್ರ ಇಲ್ಲಿ ಯಾರ ಕೈಗೂ ಬಗ್ಗದು, ಮುರಿಯುವುದೂ ಸದಾ ಅದೇ. ಹೊಸ ಬಗ್ಗಿ ಮೂರು ದಿನದಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಅಂಗೈ ಅಗಲದ ತೋಳಿಗೆ ‘ಸ್ಟಾಕ್ ಇಲ್ಲ’. ಆದ್ದರಿಂದ ಎಡಕ್ಕೆರಡು, ಬಲಕ್ಕೆರಡು ತೋಳು ಕೂಡಲೇ ಕಳಿಸಬೇಕಾಗಿ ವಿನಂತಿ. ಎಡದ್ದು ಮೂರಾದರೂ ಆದೀತು. ನಮ್ಮ ಬದುವು ಆ ಕಡೆಗಿದೆ.

ಇಂತಿ ತಮ್ಮ ವಿಶ್ವಾಸಿ,
ಎರೆ ಹೊಲದ ಗಿರಾಕಿ