ಸಂಪರ್ಕದೋಷ ಪಂಡಿತರು

ಗಣಪತಿಯ ಗುಡಿ, ಹಾಲಿನ ಬೂತು, ಮುಂಜಾನೆಯ ವಾಯುಸೇವನೆಗೆಂದು ಹೊರಟು ದೇಶದ ಆಡಳಿತವನ್ನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆಯೇ ತಿದ್ದಿ ಮನೆಗೆ ಹಿಂದಿರುಗುವ ನಿವೃತ್ತರ ಮಂಡಲಿ, ಇವಿಷ್ಟಿದ್ದರೆ ಮೈಸೂರಿನ ಬಡಾವಣೆಯೊಂದು ಸರ್ವಾಂಗಸಂಪೂರ್ಣವಾಯಿತೆಂದು ಒಂದು ಕಾಲಕ್ಕೆ ಜನ ಭಾವಿಸಿದ್ದರು. ಮನೆಮನೆಗೂ ಕಂಪ್ಯೂಟರು ಬಂದು, ಅದರ ಬೆನ್ನಿಗೇ ಈ-ಮೇಲು ಬಂದು, ಈ-ಮೇಲಿನ ಬೆನ್ನಿಗೇ ಅದು ಬಾರದಿರುವ ವ್ಯಥೆಯೂ ಬಂದು ನೆಲಸಿದ ಮೇಲೆ, ಈ ಪಟ್ಟಿಗೆ ಇನ್ನೊಬ್ಬ ಮಹನೀಯರು ಸೇರಿಕೊಂಡರು. ಇವರಿಗೆ ಅಂಗಡಿಯಿಲ್ಲ, ನಾಮಫಲಕವಿಲ್ಲ, ಶುಲ್ಕವೆಂಬುದಂತೂ ಮೊದಲೇ ಇಲ್ಲ. ನಿಮ್ಮ ಕಂಪ್ಯೂಟರಿನ ಪರದೆಯ ಮೇಲೆ ‘ಸರ್ವರಿನೊಡನೆ ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಒಕ್ಕಣೆ ಮೂಡಿದೆಯೆಂಬ ವಾರ್ತೆಯು ತರಕಾರಿ ಗಾಡಿಯವನ ಮುಖಾಂತರವಾದರೂ ಇವರ ಕಿವಿಗೆ ಬಿದ್ದರೆ ಸಾಕು, ಸಂಜೆಯೊಳಗಾಗಿ ನಿಮ್ಮ ಗೇಟಿನ ಚಿಲಕ ಸದ್ದು ಮಾಡುತ್ತದೆ.

ಸಂಪರ್ಕದೋಷ ಪಂಡಿತರೆಂದು ನಾನು ಮನಸ್ಸಿನಲ್ಲಿಯೇ ಬಿರುದಿತ್ತಿರುವ ಈ ವರ್ಗದ ಲಕ್ಷಣಗಳನ್ನು ನಿಷ್ಪಕ್ಷಪಾತವಾಗಿ ನಿರೂಪಿಸಬೇಕೆಂಬುದು ನನ್ನ ಸಂಕಲ್ಪ. ಆದರೆ ಲೇಖನಿಯನ್ನು ಹಿಡಿದೊಡನೆ ಎದುರಿಗೆ ಬಂದು ನಿಲ್ಲುವವರು ನಮ್ಮ ಮೂರನೆಯ ಅಡ್ಡರಸ್ತೆಯ ರಾಯರೊಬ್ಬರೇ. ಬೇರೆ ಪಂಡಿತರನ್ನು ನಾನು ಕಂಡಿದ್ದೇನೆ, ರಾಯರನ್ನು ಅನುಭವಿಸಿದ್ದೇನೆ.

ರಾಯರು ದೂರವಾಣಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅರ್ಧತೋಳಿನ ಬಿಳಿಯ ಅಂಗಿ; ಅದರ ಜೇಬಿನಲ್ಲಿ ಎರಡು ಪೆನ್ನು, ಒಂದು ಟೆಸ್ಟರು; ಕಂಕುಳಲ್ಲಿ ಬ್ಯಾಂಕಿನವರು ಎಂದೋ ಕೊಟ್ಟ ಡೈರಿ. ಆ ಡೈರಿಯ ಮೊದಲ ಪುಟದಲ್ಲಿ ಮುತ್ತು ಪೋಣಿಸಿದ ಅಕ್ಷರಗಳಲ್ಲಿ ಪೋರ್ಟ್ ಸಂಖ್ಯೆಗಳಿವೆ: ಸರ್ವರಿನಿಂದ ಪತ್ರಗಳನ್ನು ತರುವ ಪಾಪ್ ಎಂಬ ವಿಧಾನಕ್ಕೆ 110, ಅದರದೇ ಗೂಢಲಿಪಿಯ ರೂಪಕ್ಕೆ 995; ಐಮ್ಯಾಪಿಗೆ 143, ಅದರ ಭದ್ರರೂಪಕ್ಕೆ 993. ಇವುಗಳ ಕೆಳಗೆ, ಅಷ್ಟೇ ಶ್ರದ್ಧೆಯಿಂದ ಬರೆದ, ಗ್ಯಾಸ್ ಏಜೆನ್ಸಿಯ ನಂಬರು. ಪ್ರಿಂಟರು ಕೆಟ್ಟಿತೆಂದರೆ ರಾಯರು ಮುಖ ತಿರುಗಿಸುತ್ತಾರೆ. ವೈರಸ್ಸನ್ನು ಕಾಲೇಜು ಹುಡುಗರಿಗೆ ಬಿಟ್ಟುಕೊಟ್ಟಿದ್ದಾರೆ. ಮೇಲು ಹೋಗುತ್ತಿಲ್ಲವೆಂದು ಮೊರೆಯಿಟ್ಟರೂ ಅವರ ಕಣ್ಣಿನಲ್ಲಿ ಬೆಳಕು ಹೊತ್ತುವುದಿಲ್ಲ. “ಹೋಗೋದು ನಮ್ಮ ಕೈಲಿದೆ ಸ್ವಾಮಿ, ಬರೋದು ಋಣಾನುಬಂಧ” ಎಂಬುದು ಅವರ ಸಿದ್ಧಾಂತ. ಬರಬೇಕಾದುದು ಬಾರದಿದ್ದಾಗ ಮಾತ್ರವೇ ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಹಳೆಯ ಕಾಲದ ವೈದ್ಯರು ನಾಡಿಯನ್ನು ಹಿಡಿಯುತ್ತಿದ್ದ ಗಾಂಭೀರ್ಯದಿಂದ ಮೌಸನ್ನು ಹಿಡಿಯುತ್ತಾರೆ.

ದೋಷಗಳ ಸಂಖ್ಯೆಗಳೆಲ್ಲವೂ ರಾಯರಿಗೆ ಕಂಠಸ್ಥ. ಔಟ್‌ಲುಕ್ ಎಂಬ ಪ್ರೋಗ್ರಾಮು ‘ಸೊನ್ನೆ ಎಕ್ಸ್ 800 ಸಿಸಿಸಿ 0 ಇ’ ಎಂದು ಗೊಣಗಿದರೆ ಸರ್ವರಿನೊಡನೆ ಸಂಬಂಧವೇ ಕೂಡಿಬರಲಿಲ್ಲವೆಂದರ್ಥ; ಕೊನೆಯ ಅಕ್ಷರವು ‘ಎಫ್’ ಆದರೆ ಕೂಡಿಬಂದ ಸಂಬಂಧ ನಡುದಾರಿಯಲ್ಲಿ ಕಡಿಯಿತೆಂದರ್ಥ; ‘19’ ಎಂದು ಮುಗಿದರೆ ಕಾಯ್ದು ಕಾಯ್ದು ಹೊತ್ತು ಮೀರಿತೆಂದು ತಿಳಿಯಬೇಕು. ಇದನ್ನು ಅವರು ಕಣ್ಣುಮುಚ್ಚಿ ಹೇಳುವಾಗ ಮನೆಯ ಹಿರಿಯರು ಕೈಮುಗಿದುದುಂಟು.

ಇಷ್ಟಾದರೂ, ದೋಷವನ್ನು ಮುಟ್ಟುವ ಮುನ್ನ ರಾಯರಿಗೆ ಇತಿಹಾಸವಾಗಬೇಕು. 1971 ರಲ್ಲಿ ರೇ ಟಾಮ್ಲಿನ್ಸನ್ ಎಂಬಾತನು ಒಂದು ಕಂಪ್ಯೂಟರಿನಿಂದ ಅದೇ ಕೋಣೆಯ ಮತ್ತೊಂದಕ್ಕೆ ಜಾಲದ ಮೂಲಕ ಓಲೆಯನ್ನು ಕಳುಹಿಸಿದುದು. 1986 ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ಐಮ್ಯಾಪನ್ನು ರೂಪಿಸಿದುದು. 1995 ರ ಆಗಸ್ಟ್ 15 ರಂದು ವಿದೇಶ್ ಸಂಚಾರ ನಿಗಮವು ಭಾರತದ ಜನಸಾಮಾನ್ಯರಿಗೆ ಅಂತರ್ಜಾಲದ ಬಾಗಿಲನ್ನು ತೆರೆದುದು. ನಿಮಗೆ ತುರ್ತಾಗಿ ಬೇಕಾದ ಪತ್ರ ಸರ್ವರಿನಲ್ಲಿ ಕೊಳೆಯುತ್ತಿರುವಾಗ ಈ ಪುರಾಣ ನಡೆಯುತ್ತದೆ. ಇದರಲ್ಲಿ ಒಂದು ಕಥೆಯನ್ನು ಮಾತ್ರ ನಾನು ಎಷ್ಟು ಸಲ ಕೇಳಿದರೂ ಬೇಸರಗೊಂಡವನಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡಾರ್ನರ್ 1988 ರಲ್ಲಿ ಒಂದು ಮೇಲ್ ಪ್ರೋಗ್ರಾಮನ್ನು ಬರೆದು ಅದಕ್ಕೆ ಯೂಡೋರಾ ಎಂದು ಹೆಸರಿಟ್ಟನಂತೆ. ಯೂಡೋರಾ ವೆಲ್ಟಿ ಎಂಬ ಕಥೆಗಾರ್ತಿಯ ಒಂದು ಕಥೆಯಲ್ಲಿ ಮನೆಯವರೊಡನೆ ಜಗಳವಾಡಿದ ಹೆಂಗಸೊಬ್ಬಳು ಗಂಟುಮೂಟೆ ಕಟ್ಟಿ ಅಂಚೆಕಚೇರಿಯಲ್ಲಿಯೇ ಸಂಸಾರ ಹೂಡುವ ಪ್ರಸಂಗವೇ ಅದಕ್ಕೆ ಕಾರಣವಂತೆ. ಕಥೆಗಾರರ ಹೆಸರನ್ನು ಯಂತ್ರವಿದ್ಯೆಯವರು ಇಷ್ಟು ಆದರದಿಂದ ನೆನೆದ ಉದಾಹರಣೆ ಬೇರೊಂದು ನನಗೆ ದೊರೆತಿಲ್ಲ; ನನ್ನ ಹೆಸರನ್ನು ಇನ್ನೂ ಯಾವ ಪ್ರೋಗ್ರಾಮಿಗೂ ಇಟ್ಟಂತೆ ಕಾಣೆ.

ರಾಯರ ಪಾಂಡಿತ್ಯವೂ ನನ್ನ ಸಹನೆಯೂ ಏಕಕಾಲದಲ್ಲಿ ಪರೀಕ್ಷೆಗೊಳಗಾದ ಸಂದರ್ಭವೊಂದನ್ನು ಇಲ್ಲಿ ವಿಸ್ತರಿಸದೆ ಇರಲಾರೆ. ಮಾಸಪತ್ರಿಕೆಯೊಂದರ ದೀಪಾವಳಿ ವಿಶೇಷಾಂಕಕ್ಕೆ ನಾನು ಬರೆದ ಪ್ರಬಂಧದ ಕರಡಚ್ಚನ್ನು ಸಂಪಾದಕರು ಮೇಲಿನಲ್ಲಿ ಕಳುಹಿಸಿದ್ದರು. ರಾತ್ರಿಯೊಳಗೆ ತಿದ್ದಿ ಹಿಂದಿರುಗಿಸತಕ್ಕದ್ದೆಂದು ಕಟ್ಟಪ್ಪಣೆ. ಔಟ್‌ಲುಕ್ಕೋ, ಪತ್ರಗಳನ್ನು ತರುತ್ತಿದ್ದೇನೆಂದು ಹೇಳುತ್ತಾ ಹೇಳುತ್ತಾ, ಹಸಿರು ಪಟ್ಟಿಯನ್ನು ಅರ್ಧದವರೆಗೆ ಎಳೆದು, ಹೊತ್ತು ಮೀರಿತೆಂದು ಕೈಚೆಲ್ಲುತ್ತಿದ್ದಿತು. ನನ್ನ ಅಂಚೆಪೆಟ್ಟಿಗೆಯು ಆಗ ಒಂದು ಸಣ್ಣ ಸಂಸ್ಥೆಯ ಸರ್ವರಿನಲ್ಲಿ, 110 ನೆಯ ಪೋರ್ಟಿನಲ್ಲಿ, ಗೂಢಲಿಪಿಯ ಹಂಗೇ ಇಲ್ಲದೆ ಬಯಲಿನಲ್ಲಿತ್ತು. ರಾಯರು ಬಂದರು. ಮೊದಲು ಕಂಪ್ಯೂಟರಿನ ದಿನಾಂಕವನ್ನು ನೋಡಿದರು. “ಗಡಿಯಾರ ತಪ್ಪಿದ್ರೆ ಸರ್ವರಿನ ಪ್ರಮಾಣಪತ್ರ ಸಿಂಧು ಆಗೋಲ್ಲ” ಎಂದರು. ಹಾಗೆಂದು, ನನ್ನ ಖಾತೆಗೆ ಪ್ರಮಾಣಪತ್ರದ ಗೊಡವೆಯೇ ಇಲ್ಲವೆಂಬುದನ್ನೂ ಅವರೇ ಸೇರಿಸಿದರು. ಅನಂತರ, ಸರ್ವರಿಗಾಗಿ ಎಷ್ಟು ಹೊತ್ತು ಕಾಯಬೇಕೆಂಬುದನ್ನು ನಿಗದಿಮಾಡುವ ಗುಂಡಿಯನ್ನು ಒಂದು ನಿಮಿಷದಿಂದ ಹತ್ತು ನಿಮಿಷಕ್ಕೆ ಸರಿಸಿದರು. ಇದರಿಂದ, ನಿಮಿಷಕ್ಕೊಮ್ಮೆ ಬರುತ್ತಿದ್ದ ನಿರಾಶೆಯು ಹತ್ತು ನಿಮಿಷಕ್ಕೊಮ್ಮೆ ಬರುವಂತಾಯಿತು. ಬರುವ ಪತ್ರಗಳನ್ನೆಲ್ಲ ಬಾಗಿಲಿನಲ್ಲಿಯೇ ತಡೆದು ಶೋಧಿಸುತ್ತಿದ್ದ ಆಂಟಿವೈರಸ್ಸನ್ನು ಮಲಗಿಸಿದರು. ಪಟ್ಟಿ ಸ್ವಲ್ಪ ಮುಂದೆ ಹೋಗಿ, ನಮ್ಮ ರಸ್ತೆಯ ತಂತಿಯ ಶಕ್ತಿ ಮುಗಿದು, ಪುನಃ ಮೊದಲಿಗೆ ಬಂದಿತು.

ಆಗ ರಾಯರು ಔಟ್‌ಲುಕ್ಕನ್ನು ಬದಿಗೆ ಸರಿಸಿ, ಕರಿಯ ಕಿಟಕಿಯೊಂದನ್ನು ತೆರೆದು, ಟೆಲ್ನೆಟ್ಟಿನ ಮೂಲಕ ಸರ್ವರಿನೊಡನೆ ತಾವೇ ಖುದ್ದಾಗಿ ಮಾತಿಗೆ ತೊಡಗಿದರು. ಈ ದೃಶ್ಯವನ್ನು ನೋಡಿದವರು ರಾಯರನ್ನು ಕ್ಷಮಿಸದಿರಲಾರರು. ಪಾಪ್ ಸರ್ವರಿಗೆ ಗೊತ್ತಿರುವ ಉತ್ತರಗಳು ಎರಡೇ: ಒಪ್ಪಿದರೆ ‘ಪ್ಲಸ್ ಓಕೆ’, ಒಪ್ಪದಿದ್ದರೆ ‘ಮೈನಸ್ ಎರ್ರ್’. ನನ್ನ ಹೆಸರು ಹೇಳಿದರು; ಓಕೆ. ಪಂಚಾಂಗದ ನಡುವಿನಿಂದ ನಾನು ತೆಗೆದುಕೊಟ್ಟ ಚೀಟಿಯಲ್ಲಿದ್ದ ಪಾಸ್‌ವರ್ಡನ್ನು ಗಟ್ಟಿಯಾಗಿ ಓದಿಕೊಂಡು ಒತ್ತಿದರು, ಓಕೆ. ‘ಲಿಸ್ಟ್’ ಎಂದರು. ಪತ್ರಗಳ ಸಂಖ್ಯೆ, ಅವುಗಳ ತೂಕ, ಸಾಲಾಗಿ ಬಂದುವು. ಮೊದಲನೆಯ ಪತ್ರವೇ ಎರಡು ಕೋಟಿ ಬೈಟುಗಳಿಗೂ ಮಿಕ್ಕಿತ್ತು. ನನ್ನ ದಾಯಾದಿಯೊಬ್ಬರು ಮಗಳ ಮದುವೆಯ ಛಾಯಾಚಿತ್ರಗಳನ್ನು, ಕಾಶೀಯಾತ್ರೆಯಿಂದ ಬೀಗರ ಔತಣದವರೆಗೆ ಒಂದನ್ನೂ ಬಿಡದೆ, ಒಂದೇ ಪತ್ರಕ್ಕೆ ಕಟ್ಟಿ ಕಳುಹಿಸಿದ್ದರು. ಸಂಪಾದಕರ ಕರಡಚ್ಚು ಆ ದಿಬ್ಬಣದ ಹಿಂದೆ ದಾರಿ ಸಿಕ್ಕದೆ ನಿಂತಿತ್ತು. “ಅಡೆತಡೆ ಇದೇ ನೋಡಿ!” ಎಂದು ಉದ್ಗರಿಸಿದ ರಾಯರು, ನನ್ನ ಅನುಮತಿಯನ್ನೂ ಕೇಳದೆ, ಮೊದಲನೆಯದನ್ನು ಅಳಿಸುವ ಆಜ್ಞೆಯನ್ನು ಕೊಟ್ಟುಬಿಟ್ಟರು. ಓಕೆ ಎಂದಿತು ಸರ್ವರು. ಅಷ್ಟರಲ್ಲಿ ಕಾಫಿ ಬಂದಿತು.

ಕಾಫಿಯೊಡನೆ ಯೂಡೋರಾ ಪ್ರಸಂಗವೂ ಪ್ರಾರಂಭವಾಯಿತು. ನಾನು ತಾಳಲಾರದೆ ಔಟ್‌ಲುಕ್ಕನ್ನು ಒತ್ತಿದೆ. ಅದು ಈಗ ಹೊಸದೊಂದು ರಾಗವನ್ನು ತೆಗೆದು ನನ್ನ ಪಾಸ್‌ವರ್ಡನ್ನು ಕೇಳಿತು, ಕೊಟ್ಟರೆ ಒಪ್ಪಲಿಲ್ಲ, ಮತ್ತೆ ಕೇಳಿತು. ಐದು ನಿಮಿಷದ ಹಿಂದೆ ಸರಿಯಾಗಿದ್ದ ಪಾಸ್‌ವರ್ಡು ಈಗ ತಪ್ಪಾದ ಪರಿಯನ್ನು ಕಂಡು ರಾಯರು ಪುಲಕಿತರಾದರು. ಒಂದೇ ಮನೆಯಲ್ಲಿ ಎರಡು ದೋಷ! ಕ್ಯಾಪ್ಸ್ ಲಾಕನ್ನು ಪರೀಕ್ಷಿಸಿದರು, ಚೀಟಿಯನ್ನು ಬೆಳಕಿಗೆ ಹಿಡಿದರು, ಪಾಸ್‌ವರ್ಡು ಕಳುವಾಗಿರಬಹುದೆಂದು ಶಂಕಿಸಿದರು, ಸಂಸ್ಥೆಗೆ ನನ್ನಿಂದ ಫೋನು ಮಾಡಿಸಿದರು. ಅಲ್ಲಿನ ಹುಡುಗನು ಎಲ್ಲವೂ ಸರಿಯಾಗಿದೆಯೆಂದು ಹೇಳಿ ಫೋನನ್ನಿಟ್ಟನು. ಎರಡನೆಯ ಲೋಟ ಕಾಫಿ ಮುಗಿಯುವ ವೇಳೆಗೆ, ಯಾರೂ ಏನೂ ಮಾಡದೆಯೇ, ಅದೇ ಪಾಸ್‌ವರ್ಡು ಪುನಃ ಸರಿಯಾಯಿತು. ಔಟ್‌ಲುಕ್ ಪತ್ರಗಳನ್ನು ತರಲು ಹೊರಟಿತು. ಹೊರಟದ್ದು, ಅಳಿಸಿಹಾಕಿದ ಮದುವೆಯ ದಿಬ್ಬಣವನ್ನೇ ಮೊದಲು ಹೊತ್ತು ತರತೊಡಗಿತು.

ರಾಯರು ಹಣೆಯನ್ನು ಚಚ್ಚಿಕೊಂಡರು, ದುಃಖದಿಂದಲ್ಲ, ಪರಮಾನಂದದಿಂದ. ಪಾಪ್ ವಿಧಾನದಲ್ಲಿ ಒಬ್ಬರು ಪೆಟ್ಟಿಗೆಯನ್ನು ತೆರೆದು ಕುಳಿತಿರುವಾಗ ಇನ್ನೊಬ್ಬರಿಗೆ ಪ್ರವೇಶವಿಲ್ಲ. ಕರಿಯ ಕಿಟಕಿಯಲ್ಲಿ ರಾಯರೇ ಒಳಗೆ ಕುಳಿತಿದ್ದುದರಿಂದ ಔಟ್‌ಲುಕ್ಕನ್ನು ಸರ್ವರು ಹೊರಗೆ ನಿಲ್ಲಿಸಿತ್ತು. ಔಟ್‌ಲುಕ್ ಆ ನಿರಾಕರಣೆಯನ್ನು ಪಾಸ್‌ವರ್ಡಿನ ತಲೆಗೆ ಕಟ್ಟಿತ್ತು. ಹತ್ತು ನಿಮಿಷಕ್ಕೂ ಮಿಕ್ಕಿ ಮಾತಿಲ್ಲದೆ ಕುಳಿತ ಅತಿಥಿಯನ್ನು ಸರ್ವರು ತಾನಾಗಿಯೇ ಹೊರಗೆ ಹಾಕಬಹುದೆಂಬುದು 1996 ರ ಪಾಪ್ ನಿಯಮಾವಳಿಯಲ್ಲಿಯೇ ಉಂಟು. ಹೀಗೆ ಹೊರಹಾಕಿದಾಗ ಅತಿಥಿಯು ಕೊಟ್ಟ ಅಳಿಸುವ ಆಜ್ಞೆಗಳು ಜಾರಿಯಾಗುವುದಿಲ್ಲ. ‘ಕ್ವಿಟ್’ ಎಂದು ಹೇಳಿ, ಅಪ್ಪಣೆ ಪಡೆದು ಹೊರಟರೆ ಮಾತ್ರ ಅಳಿಸಿದ್ದು ಅಳಿಯುತ್ತದೆ. ಯಾರ ಮನೆಯಿಂದಾಗಲಿ ಹೊರಡುವಾಗ ‘ಬರ್ತೀನಿ’ ಎಂದು ಜಗಲಿಯಲ್ಲೊಮ್ಮೆ, ಮೆಟ್ಟಿಲಲ್ಲೊಮ್ಮೆ, ಗೇಟಿನ ಬಳಿ ಅರ್ಧಗಂಟೆಯೂ ಹೇಳಿ ಹೋಗುವ ಈ ಸೌಜನ್ಯಮೂರ್ತಿಯು, ಜೀವಮಾನದಲ್ಲಿ ಒಮ್ಮೆ ಹೇಳದೆ ಎದ್ದುದು ಈ ಸರ್ವರಿನ ಮುಂದೆ! ಅಂದಿನ ಸಂಜೆಯ ಎರಡನೆಯ ದೋಷಕ್ಕೆ ರಾಯರೇ ಕರ್ತೃಗಳೆಂದು ನಾನು ವಿನಯದಿಂದ ಸೂಚಿಸಿದಾಗ, “ಇರಬಹುದು, ಆದ್ರೆ ಎಂಥ ಚೆಂದದ ದೋಷ ಅಲ್ವೇ?” ಎಂದರು.

ಕರಡಚ್ಚು ಕೈಸೇರಿದಾಗ ಊರು ಮಲಗಿತ್ತು. ಸಂಪಾದಕರು ಕಾಯದೆ ಪುಟಗಳನ್ನು ಅಚ್ಚಿಗೆ ಕಳುಹಿಸಿದ್ದರು. ‘ಗಂಭೀರ ಚಿಂತನೆ’ ಎಂದು ನಾನು ಬರೆದದ್ದು ‘ಗಂಭೀರ ಚಿಂತೆ’ ಎಂದು ಅಚ್ಚಾಯಿತು. ಪ್ರಬಂಧವನ್ನು ಓದಿದವರು ಅದೇ ಸರಿಯೆಂದರು. ದಾಯಾದಿಗಳು ಮಾತ್ರ, ಫೋಟೋ ಹೇಗಿದ್ದುವೆಂದು ಕಂಡಾಗಲೆಲ್ಲ ಕೇಳುತ್ತಾರೆ.

ರಾಯರ ಉಳಿದ ಗುಣಗಳನ್ನು ಸಂಕ್ಷೇಪಿಸುತ್ತೇನೆ. ತಂತಿ ಕಿತ್ತುಬಂದಿರಬಹುದೆಂಬ, ಬಿಲ್ಲು ಕಟ್ಟದಿರಬಹುದೆಂಬ ಪಾಮರ ಕಾರಣಗಳನ್ನು ಅವರು ಕಟ್ಟಕಡೆಯವರೆಗೂ ಪರಿಗಣಿಸುವುದಿಲ್ಲ. ಮನೆಯಲ್ಲೊಂದು, ಕಚೇರಿಯಲ್ಲೊಂದು ಕಂಪ್ಯೂಟರಿದ್ದು, ಒಂದರಲ್ಲಿ ಇಳಿದ ಪತ್ರ ಇನ್ನೊಂದರಲ್ಲಿ ಕಾಣದೆ ತಂದೆಮಕ್ಕಳಲ್ಲಿ ವಾಗ್ವಾದವಾಗುತ್ತಿದ್ದ ಮನೆಗಳಿಗೆ ಹೋಗಿ, ‘ಸರ್ವರಿನಲ್ಲಿ ಪ್ರತಿ ಉಳಿಸು’ ಎಂಬ ಚೌಕಕ್ಕೆ ಗುರುತು ಹಾಕಿ ಶಾಂತಿಯನ್ನು ಸ್ಥಾಪಿಸಿ ಬರುತ್ತಾರೆ. ವರ್ಷದೊಳಗೆ ಪ್ರತಿಗಳು ತುಂಬಿ, ಪೆಟ್ಟಿಗೆಯಲ್ಲಿ ಸ್ಥಳವಿಲ್ಲದೆ ಹೊಸ ಪತ್ರಗಳು ನಿಂತು, ಅದೇ ಮನೆಯಿಂದ ಪುನಃ ಕರೆ ಬರುತ್ತದೆ. ಇದು ಅವರ ಹಂಚಿಕೆಯೆಂದು ನಾನು ಹೇಳಲಾರೆ.

2022 ರ ಮೇ 30 ರಂದು, ಬರಿಯ ಪಾಸ್‌ವರ್ಡನ್ನು ನಂಬಿ ಹೊರಗಿನ ಪ್ರೋಗ್ರಾಮುಗಳನ್ನು ಒಳಕ್ಕೆ ಬಿಡುವ ಪದ್ಧತಿಯನ್ನು ಗೂಗಲ್ಲಿನವರು ನಿಲ್ಲಿಸಿದಾಗ, ನಮ್ಮ ಬಡಾವಣೆಯ ಹಳೆಯ ಔಟ್‌ಲುಕ್ಕುಗಳು ಒಂದೊಂದಾಗಿ ಮೂಕವಾದುವು. ಸರಿಯಾದ ಪಾಸ್‌ವರ್ಡನ್ನೇ ತಪ್ಪೆನ್ನುವ ಯಂತ್ರದ ಮುಂದೆ ನಿವೃತ್ತ ಪ್ರಾಧ್ಯಾಪಕರುಗಳು ಕಂಗಾಲಾದರು. ಆ ದಿನಗಳಲ್ಲಿ ರಾಯರಿಗೆ ಊಟಕ್ಕೂ ಬಿಡುವಿರಲಿಲ್ಲ. ಎರಡು ಹಂತದ ದೃಢೀಕರಣವನ್ನು ಮಾಡಿಸಿ, ಗೂಗಲ್ಲು ಕೊಡುವ ಹದಿನಾರು ಅಕ್ಷರಗಳ ಪ್ರತ್ಯೇಕ ಪಾಸ್‌ವರ್ಡನ್ನು ಪಡೆದು, ಮನೆಯಿಂದ ಮನೆಗೆ ಬಿಸಿಲಿನಲ್ಲಿ ನಡೆದುಹೋಗುತ್ತಿದ್ದ ಅವರ ಮುಖದಲ್ಲಿ ನಾನು ಕಂಡ ತೇಜಸ್ಸನ್ನು ಬೇರೆಂದೂ ಕಂಡಿಲ್ಲ.

ಅದೇ ಕಡೆಯ ಸುಗ್ಗಿ. ಈಗ ಎಲ್ಲರ ಈ-ಮೇಲೂ ಫೋನಿಗೇ ಬರುತ್ತದೆ. ಬಾರದಿದ್ದರೆ ಒಂದು ಚಕ್ರ ಸುತ್ತುತ್ತದೆ, ಸಂಖ್ಯೆಯನ್ನು ಹೇಳುವುದಿಲ್ಲ, ಪೋರ್ಟನ್ನು ಕೇಳುವುದಿಲ್ಲ. ಮೊನ್ನೆ ಯಾವುದೋ ಪುಸ್ತಕವನ್ನು ಹಿಂದಿರುಗಿಸಲು ರಾಯರ ಮನೆಗೆ ಹೋಗಿದ್ದಾಗ ಅವರ ಔಟ್‌ಲುಕ್ಕು ತೆರೆದಿತ್ತು; ಬಂದ ಪತ್ರಗಳ ಪಟ್ಟಿ ತುಂಬಿ ತುಳುಕುತ್ತಿತ್ತು. ಇಷ್ಟು ಜನ ಇವರಿಗೆ ಬರೆಯುತ್ತಾರೆಯೇ ಎಂದು ಕೌತುಕದಿಂದ ಬಗ್ಗಿ ನೋಡಿದೆ. ಅವೆಲ್ಲ, ಖಾತೆಯು ಸರಿಯಾಗಿದೆಯೇ ಎಂದು ಪರೀಕ್ಷಿಸುವಾಗ ಔಟ್‌ಲುಕ್ ತನಗೆ ತಾನೇ ಕಳುಹಿಸಿಕೊಳ್ಳುವ ಪತ್ರಗಳು. “ದಿನಕ್ಕೊಂದ್ ಸಲ ಟೆಸ್ಟ್ ಮಾಡ್ತೀನಿ. ಬರ್ತಾ ಇದೆ, ಏನೂ ತೊಂದರೆ ಇಲ್ಲ” ಎಂದರು ರಾಯರು. ಆ ರಾತ್ರಿ ನಾನು ಅವರಿಗೊಂದು ಪತ್ರ ಬರೆದೆ. ಬಹಳ ದಿನ ಉತ್ತರ ಬರಲಿಲ್ಲ. ವಿಚಾರಿಸಿದರೆ, ನನ್ನ ಪತ್ರವು ಬಂದ ದಾರಿಯನ್ನು ಅದರ ತಲೆಬರಹದ ಸಾಲುಗಳಿಂದ ಪತ್ತೆಹಚ್ಚಿ, ನಡುವೆ ಒಂದು ಸರ್ವರಿನಲ್ಲಿ ಅದು ನಾಲ್ಕು ಸೆಕೆಂಡು ತಡವಾದುದರ ಕಾರಣವನ್ನು ಹುಡುಕುತ್ತಿದ್ದರಂತೆ. ಪತ್ರದಲ್ಲಿ ಏನಿತ್ತೆಂಬುದನ್ನು ಓದಿರಲಿಲ್ಲ.

ಆದಕಾರಣ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಔಟ್‌ಲುಕ್ಕೋ ಥಂಡರ್‌ಬರ್ಡೋ ಇದ್ದು, ಅದು ಸರ್ವರಿನೊಡನೆ ಮುನಿಸಿಕೊಂಡು ಕುಳಿತಿದ್ದರೆ, ಮಕ್ಕಳ ಮಾತು ಕೇಳಿ ತೆಗೆದುಹಾಕಬೇಡಿ. ನಮ್ಮ ಮೂರನೆಯ ಅಡ್ಡರಸ್ತೆಗೆ ಹೇಳಿಕಳುಹಿಸಿ. ದೋಷದ ಸಂಖ್ಯೆಯನ್ನು ತಪ್ಪಿಲ್ಲದೆ ಬರೆದಿಟ್ಟುಕೊಂಡಿರಿ. ಕಾಫಿಗೆ ಸಕ್ಕರೆ ಹಾಕಬೇಡಿ. ಅವಸರದ ಪತ್ರ ಬರಬೇಕಾಗಿರುವ ದಿನ ಮಾತ್ರ ಕರೆಯಬೇಡಿ.